ನಾನು ಹೇಳಿದ್ದು ನಿಮಗೆ

ಟೀಚರುಗಳಿಗೆ ಊರಿನ ಎಲ್ಲ ಮನೆಗಳ ಬಾಗಿಲೂ ತಾನಾಗಿ ತೆರೆದುಕೊಳ್ಳುತ್ತದೆ ಎಂಬ ನಂಬಿಕೆ ನಮ್ಮ ಸರ್ಕಾರಕ್ಕೆ ಮೊದಲಿನಿಂದಲೂ ಇದೆ. ಜನಗಣತಿ ಬರಲಿ, ಮತದಾರರ ಪಟ್ಟಿ ತಿದ್ದುವ ಕೆಲಸ ಬರಲಿ, ಶಾಲೆ ಬಿಟ್ಟ ಮಕ್ಕಳ ಲೆಕ್ಕ ಬರಲಿ, ಹೆಗಲಿಗೊಂದು ಚೀಲ ಹಾಕಿಕೊಂಡು ಬಿಸಿಲಿನಲ್ಲಿ ಹೊರಡುವವರು ನಾವೇ. 2001 ಮತ್ತು 2011ರ ಜನಗಣತಿಗಳಲ್ಲಿ, 2015ರ ಏಪ್ರಿಲ್ ತಿಂಗಳ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ, ಮತ್ತೆ 2025ರ ದಸರಾ ರಜೆಯಲ್ಲಿ ನಾನು ಹೀಗೆ ಮನೆಮನೆ ಸುತ್ತಿದವಳು. ಇದರಲ್ಲಿ ಮೂರು ಸಲ ನನ್ನ ಪಾಲಿಗೆ ಬಂದದ್ದು ಮುಸ್ಲಿಮರ ಗಲ್ಲಿಗಳು. "ನಿಮಗೆ ಅವರ ಭಾಷೆ ಬರುತ್ತಲ್ಲ ಮೇಡಂ" ಎನ್ನುತ್ತಾರೆ ಕಛೇರಿಯವರು. ನನಗೆ ಬರುವುದು ಅರ್ಧಂಬರ್ಧ ಉರ್ದು. ಆ ಗಲ್ಲಿಗಳ ಹೆಂಗಸರಿಗೆ ಬರುವ ಕನ್ನಡ ಅದಕ್ಕಿಂತ ಎಷ್ಟೋ ಚೆನ್ನಾಗಿದೆ. ಆದರೂ ಪ್ರತಿ ಸಲವೂ ನನ್ನ ಹೆಸರಿನ ಮುಂದೆ ಅದೇ ಗಲ್ಲಿಗಳ ನಂಬರು ಬರೆದಿರುತ್ತದೆ.

ಬಾಗಿಲು ತೆರೆಯುತ್ತದೆ, ನಿಜ. ಬಾಗಿಲಿನ ಒಳಗೆ ಹೋದಮೇಲೆ ಏನು ಕೇಳಬಹುದು, ಏನು ಕೇಳಬಾರದು, ಕೇಳಿದ್ದನ್ನು ಎಲ್ಲಿಗೆ ಒಯ್ಯಬಹುದು ಎಂಬುದನ್ನು ಮಾತ್ರ ಯಾವ ತರಬೇತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ. ಅದನ್ನು ನನಗೆ ಕಲಿಸಿದವರು ಬೀಡಿ ಸುತ್ತುವ ಒಬ್ಬ ಹೆಂಗಸು. ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಬೇರೆ ಹೆಸರಿಟ್ಟು ಕರೆಯುವುದಕ್ಕೂ ನನಗೆ ಮನಸ್ಸಿಲ್ಲ. 'ಆಕೆ' ಎಂದೇ ಬರೆಯುತ್ತೇನೆ. ಊರು, ಗಲ್ಲಿ, ಮನೆಯ ಗುರುತುಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬೇಕೆಂದೇ ಬದಲಿಸಿದ್ದೇನೆ.

ಸಾಚಾರ್ ಸಮಿತಿಯ ವರದಿ ಬಂದು ಒಂದೆರಡು ವರ್ಷ ಕಳೆದಿತ್ತು. 2005ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಅವರ ನೇತೃತ್ವದಲ್ಲಿ ಮುಸ್ಲಿಮರ ಸಾಮಾಜಿಕ, ಆರ್ಥಿಕ, ಶೈಕ್ಷಣಿಕ ಸ್ಥಿತಿಯನ್ನು ತಿಳಿಯಲು ಈ ಸಮಿತಿಯನ್ನು ನೇಮಿಸಿತ್ತು. 2006ರ ನವೆಂಬರಿನಲ್ಲಿ ವರದಿ ಸಂಸತ್ತಿನ ಮುಂದೆ ಬಂತು. ಅದಾದಮೇಲೆ ದೊಡ್ಡ ಊರುಗಳಿಂದ ಸಂಶೋಧಕರು ನಮ್ಮಂಥ ಸಣ್ಣ ಊರುಗಳಿಗೂ ಬರತೊಡಗಿದರು. ಹಾಗೆ ಬಂದವಳು ಒಬ್ಬ ಹುಡುಗಿ. ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ಮುಸ್ಲಿಂ ಹೆಣ್ಣುಮಕ್ಕಳು ಎಂಟನೆಯ ತರಗತಿಯ ಆಸುಪಾಸಿನಲ್ಲಿ ಶಾಲೆ ಬಿಡುವುದೇಕೆ ಎಂಬುದು ಅವಳ ಅಧ್ಯಯನದ ವಿಷಯ. ನಮ್ಮ ಹೆಡ್ಮಿಸ್ಟ್ರೆಸ್ಸರು ನನ್ನನ್ನು ಕರೆದು, "ನೀವೇ ಕರಕೊಂಡು ಹೋಗಿ, ಆ ಗಲ್ಲಿಯವರು ನಿಮ್ಮ ಮಾತು ತೆಗೆದುಹಾಕೋಲ್ಲ" ಎಂದರು. ಆ ಮಾತು ಆಗ ನನಗೆ ಹೆಮ್ಮೆಯಾಗಿಯೇ ಕೇಳಿಸಿತು.

ಆ ಹುಡುಗಿಯ ಮೇಲೆ ನನಗೆ ಈಗಲೂ ಸಿಟ್ಟಿಲ್ಲ. ಮೊದಲೇ ಇದನ್ನು ಹೇಳಿಬಿಡಬೇಕು. ಅವಳು ಕೊಬ್ಬಿನವಳಲ್ಲ. ಚಾಪೆಯ ಮೇಲೆ ಕೂತು, ಕೊಟ್ಟ ಚಹಾ ಕುಡಿದು, ಮಕ್ಕಳ ಮೂಗು ಒರೆಸಿ, ಮನೆಯ ಮಗಳ ಹಾಗೆ ಇದ್ದಳು. ಪ್ರತಿ ಮನೆಯಲ್ಲೂ ಒಂದು ಕಾಗದ ತೆಗೆದು ಓದುತ್ತಿದ್ದಳು. ಇದು ಅಧ್ಯಯನಕ್ಕೆ, ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ, ಇಷ್ಟವಿಲ್ಲದಿದ್ದರೆ ಹೇಳಬೇಕಾಗಿಲ್ಲ, ನಡುವೆ ಬೇಕಾದರೂ ನಿಲ್ಲಿಸಬಹುದು ಎಂದೆಲ್ಲ ಅದರಲ್ಲಿತ್ತು. ಓದಿದ ಮೇಲೆ ಸಹಿ ಕೇಳುತ್ತಿದ್ದಳು. ಆಕೆಯ ಮನೆಯಲ್ಲೂ ಹಾಗೆಯೇ ಓದಿದಳು. ಆಕೆ ಮೊರ ತೊಡೆಯ ಮೇಲಿಟ್ಟುಕೊಂಡು ಎಲೆ ಕತ್ತರಿಸುತ್ತಿದ್ದವರು ಕತ್ತರಿ ಕೆಳಗಿಟ್ಟು, "ಅದೆಲ್ಲ ಯಾಕಮ್ಮ, ಟೀಚರಮ್ಮ ಬಂದಿದಾರಲ್ಲ" ಎಂದು ಸಹಿ ಹಾಕಿದರು.

ಆ ಮಾತಿನಲ್ಲಿ ಏನಿತ್ತು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಆಕೆ ಒಪ್ಪಿದ್ದು ಕಾಗದಕ್ಕಲ್ಲ, ನನಗೆ. ಆಕೆಯ ಕಿರಿಯ ಮಗ ನನ್ನ ತರಗತಿಯಲ್ಲಿದ್ದ. ಅಲ್ಪಸಂಖ್ಯಾತ ಮಕ್ಕಳಿಗೆ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನ 2008ರಲ್ಲಿ ಶುರುವಾದ ಕಾಲ ಅದು. ವರ್ಷದ ಆದಾಯ ಒಂದು ಲಕ್ಷದ ಒಳಗಿರಬೇಕು, ಹಿಂದಿನ ಪರೀಕ್ಷೆಯಲ್ಲಿ ಶೇಕಡಾ 50 ಅಂಕ ಇರಬೇಕು, ಅರ್ಜಿ ಶಾಲೆಯ ಮೂಲಕವೇ ಹೋಗಬೇಕು. ಆ ಅರ್ಜಿಗಳನ್ನು ತುಂಬಿಸಿ ಕಳಿಸುವ ಕೆಲಸ ನನ್ನದಾಗಿತ್ತು. ಹೀಗಿರುವಾಗ ನಾನು ಬಾಗಿಲಲ್ಲಿ ನಿಂತು "ಇವರು ಬಂದಿದ್ದಾರೆ, ಸ್ವಲ್ಪ ಮಾತಾಡಿ" ಎಂದರೆ ಯಾವ ತಾಯಿ "ಆಗೋಲ್ಲ" ಎಂದಾಳು? ಇಷ್ಟವಿಲ್ಲದಿದ್ದರೆ ಹೇಳಬೇಕಾಗಿಲ್ಲ ಎಂದು ಕಾಗದ ಹೇಳಿತು. ಹೇಳಲೇಬೇಕು ಎಂದು, ಬಾಯಿಬಿಡದೆ, ನಾನು ಅಲ್ಲಿ ಕೂತಿದ್ದೆ.

ಆಕೆ ಹೇಳಿದರು. ಮಗಳು ಶಾಲೆ ಬಿಟ್ಟ ಕಾರಣ ಹೇಳಿದರು. ಅದರ ಜೊತೆಗೆ ಇನ್ನೂ ಎರಡು ಮೂರು ಸಂಗತಿಗಳನ್ನು ಹೇಳಿದರು. ಹೆಂಗಸರ ಮಾತು ಹಾಗೆಯೇ, ಒಂದು ದಾರ ಎಳೆದರೆ ಜೊತೆಗೆ ಮತ್ತೊಂದು ಬರುತ್ತದೆ. ಅಷ್ಟು ವರ್ಷ ಯಾರೂ ಆಕೆಯನ್ನು ಕೂರಿಸಿಕೊಂಡು "ನಿಮಗೆ ಹೇಗಾಯಿತು?" ಎಂದು ಕೇಳಿರಲಿಲ್ಲವೆಂದು ಕಾಣುತ್ತದೆ. ಹುಡುಗಿ ತಲೆ ತಗ್ಗಿಸಿ ಬರೆದುಕೊಳ್ಳುತ್ತಲೇ ಇದ್ದಳು. ಹೊರಡುವಾಗ ಅವಳ ಕಣ್ಣು ಕೆಂಪಾಗಿದ್ದವು.

ಆ ಕಾರಣಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಓದುವವರಿಗೆ ಅದೇ ಬೇಕಾಗಿರುತ್ತದೆ ಎಂದು ನನಗೆ ಗೊತ್ತು. ನನಗೂ ಬೇರೆಯವರ ಬರಹ ಓದುವಾಗ ಅದೇ ಬೇಕಾಗಿರುತ್ತದೆ.

ಸುಮಾರು ಒಂದೂವರೆ ವರ್ಷ ಕಳೆದ ಮೇಲೆ ಅಧ್ಯಯನದ ವರದಿ ಅಚ್ಚಾಯಿತು. ಅದರ ಸಾರಾಂಶ ಒಂದು ಕನ್ನಡ ಪತ್ರಿಕೆಯಲ್ಲೂ ಬಂತು. ಹೇಳಿದ ಹಾಗೆ ಹೆಸರಿರಲಿಲ್ಲ. 'ಒಬ್ಬ ತಾಯಿ' ಎಂದಿತ್ತು. ಆದರೆ ಗಲ್ಲಿಯ ತುದಿಯ ನಲ್ಲಿ ಇತ್ತು, ಅದರ ಪಕ್ಕದ ಮರ ಇತ್ತು, ಮಕ್ಕಳೆಷ್ಟು ಎಂಬುದಿತ್ತು, ಗಂಡ ಎಲ್ಲಿದ್ದಾನೆ ಎಂಬುದಿತ್ತು. ನಮ್ಮದು ದೊಡ್ಡ ಊರಲ್ಲ. ಆ ನಲ್ಲಿ, ಆ ಮರ ಕೂಡಿದರೆ ಎಂಥ ದಡ್ಡನಿಗಾದರೂ ಮನೆ ಸಿಗುತ್ತದೆ. ಬರೆಯುವ ಹುಡುಗಿಗೆ ಅದೆಲ್ಲ 'ವಿವರ'ವಾಗಿತ್ತು. ಓದುವಾಗ ಕಣ್ಣಿಗೆ ಕಟ್ಟಬೇಕು ಎಂದು ಬರೆದಿರುತ್ತಾಳೆ. ಕಟ್ಟಿತು.

ಮೊದಲು ಮಾತಾದದ್ದು ನಮ್ಮ ಸ್ಟಾಫ್ ರೂಮಿನಲ್ಲಿ. "ನೋಡಿದಿರಾ, ಇವರದೆಲ್ಲ ಹೀಗೇ" ಎಂದರು ಒಬ್ಬರು, ಟಿಫನ್ ಡಬ್ಬಿ ಮುಚ್ಚುತ್ತ. ಕೆಟ್ಟ ಮನಸ್ಸಿನವರೇನೂ ಅಲ್ಲ; ಮಳೆ ಬಂದಾಗ ಆ ಮಕ್ಕಳಿಗೆ ತಮ್ಮ ಛತ್ರಿ ಕೊಟ್ಟು ಕಳಿಸುವವರು. ಗಲ್ಲಿಯಲ್ಲಿ ನಡೆದದ್ದು ಬೇರೆ. ಬೀಡಿ ಕಂಟ್ರಾಕ್ಟರು ಆಕೆಯ ಮನೆಗೆ ಎಲೆ ಕೊಡುವುದನ್ನು ನಿಲ್ಲಿಸಿದ, ಪೇಪರಿನಲ್ಲಿ ಬಂದ ಮನೆಯ ಸಹವಾಸ ತನಗೆ ಬೇಡವೆಂದು. ಹಿರಿಯರು ಆಕೆಯ ಅಣ್ಣನನ್ನು ಕರೆಸಿ, ಮನೆಯ ಮಾತು ಬೀದಿಗೆ ಹೇಗೆ ಬಂತು ಎಂದು ಕೇಳಿದರಂತೆ. ಅಣ್ಣ ಬಂದು ತಂಗಿಯನ್ನು ಕೇಳಿದ.

ಆಕೆ ಒಂದು ಮಧ್ಯಾಹ್ನ ಶಾಲೆಗೆ ಬಂದರು. ಪರೀಕ್ಷೆ ಮುಗಿದಿತ್ತು, ಮಕ್ಕಳಿರಲಿಲ್ಲ. ಜಗುಲಿಯ ಕಂಬದ ಹತ್ತಿರ ನಿಂತು, ಬೈಯದೆ, ದನಿ ಏರಿಸದೆ ಹೇಳಿದರು: "ನಾನು ಹೇಳಿದ್ದು ನಿಮಗೆ ಟೀಚರಮ್ಮ. ಆಯಮ್ಮನಿಗಲ್ಲ."

ಅದಕ್ಕೆ ನಾನು ಕೊಟ್ಟ ಉತ್ತರ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. "ಹೆಸರು ಹಾಕಿಲ್ಲವಲ್ಲ" ಎಂದೆ.

ಅವತ್ತಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇಷ್ಟೇ: ಬರೆದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ನಿಜವನ್ನೇ ಬರೆದೂ ಒಬ್ಬರಿಗೆ ಅನ್ಯಾಯ ಮಾಡಬಹುದೇ? ನಿಜ ಹೇಳಬೇಕು ಎಂದು ಮೂವತ್ತು ವರ್ಷ ಮಕ್ಕಳಿಗೆ ಕಲಿಸುತ್ತ ಬಂದವಳಿಗೆ ಇದು ಸಣ್ಣ ಪ್ರಶ್ನೆಯಲ್ಲ.

ಹೆಸರು ಮರೆಸಿದರೆ ಮುಗಿಯಿತು ಎಂದುಕೊಳ್ಳುವುದು ವಿದ್ವಾಂಸರ ಹಳೆಯ ಅಭ್ಯಾಸ. ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸರು ತಾವು ಅಧ್ಯಯನ ಮಾಡಿದ ಹಳ್ಳಿಗೆ ರಾಮಪುರ ಎಂದು ಬೇರೆ ಹೆಸರಿಟ್ಟು ಬರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದವು, ನೆನಪಿನಿಂದಲೇ ಅವರು ಆ ಪುಸ್ತಕ ಬರೆದರು ಎಂಬ ಕಥೆ ಸಮಾಜಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಆ ಹಳ್ಳಿ ಮೈಸೂರು ಜಿಲ್ಲೆಯ ಕೊಡಗಹಳ್ಳಿ ಎಂಬುದೂ ಈಗ ಗುಟ್ಟಲ್ಲ. ಅವರ ಪುಸ್ತಕದಿಂದ ಯಾರಿಗೂ ನೋವಾಯಿತೆಂದು ನಾನು ಹೇಳುತ್ತಿಲ್ಲ. ಹೆಸರಿನ ಮೇಲೆ ಎಳೆದ ಪರದೆ ಎಷ್ಟು ತೆಳು ಎಂಬುದಕ್ಕೆ ಹೇಳಿದೆ. ದೂರದ ಓದುಗರಿಗೆ ಅದು ಸಾಕು. ಆದರೆ ಬಯಲಾದ ಮಾತಿನಿಂದ ತೊಂದರೆ ಬರುವುದು ದೂರದವರಿಂದಲ್ಲ, ಪಕ್ಕದ ಮನೆಯವರಿಂದ. ಅವರಿಗೆ ಯಾವ ಪರದೆಯೂ ಅಡ್ಡಿಯಿಲ್ಲ.

ಇನ್ನೊಂದು ಸಂಗತಿ ಇದೆ. ನನ್ನ ಅಕ್ಕ ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ನಮ್ಮದು ಹಿಂದೂ ಮನೆ, ಊರಿನ ಮಟ್ಟಿಗೆ ಮರ್ಯಾದಸ್ಥ ಮನೆ. ಅಮ್ಮನಿಗೆ ಹುಷಾರಿರಲಿಲ್ಲ, ಕೆಳಗೆ ನಾವು ಮೂವರು ಸಣ್ಣವರು. ಅಕ್ಕ ಒಲೆಯ ಮುಂದೆ ಕೂತಳು. ನಾನು ಬಿ.ಎ. ಓದಿದ್ದು, ಬಿ.ಎಡ್. ಮಾಡಿದ್ದು ಅವಳು ಕೂತದ್ದರಿಂದ. ಅಕ್ಕ ಯಾಕೆ ಶಾಲೆ ಬಿಟ್ಟಳು ಎಂದು ಕೇಳಲು ಯಾವ ವಿಶ್ವವಿದ್ಯಾಲಯದವರೂ ನಮ್ಮ ಮನೆಗೆ ಬರಲಿಲ್ಲ. ಬಂದು ಬರೆದಿದ್ದರೆ "ಪಾಪ, ಬಡತನ" ಎಂದು ಓದಿದವರು ಮರುಗುತ್ತಿದ್ದರು. "ಈ ಹಿಂದೂಗಳದು ಹೀಗೇ" ಎಂದು ಯಾರೂ ಟಿಫನ್ ಡಬ್ಬಿ ಮುಚ್ಚುತ್ತಿರಲಿಲ್ಲ. ನನ್ನ ಅಕ್ಕನ ಕಷ್ಟ ನನ್ನ ಅಕ್ಕನದು. ಆಕೆಯ ಮಗಳ ಕಷ್ಟ ಮಾತ್ರ ಎಷ್ಟೋ ಕೋಟಿ ಜನರದ್ದಾಗಿಬಿಡುತ್ತದೆ. ಒಂದೇ ಥರದ ನಿಜವನ್ನು ಎರಡು ಮನೆಗಳಿಂದ ತಂದು ಬೀದಿಯಲ್ಲಿಟ್ಟರೆ ಬೀದಿ ಎರಡು ಥರ ಓದುತ್ತದೆ. ಕೇಳಲು ಹೋಗುವವರು ಇದನ್ನು ಮೊದಲೇ ಅರಿತಿರಬೇಕಲ್ಲವೇ?

ಅರಿತು ಕೆಲಸ ಮಾಡಿದವರೂ ಇದ್ದಾರೆ. ಜೋಯಾ ಹಸನ್ ಮತ್ತು ರಿತು ಮೆನನ್ ಅವರು 2000–2001ರಲ್ಲಿ ಮುಸ್ಲಿಂ ಮಹಿಳೆಯರ ದೊಡ್ಡದೊಂದು ಸಮೀಕ್ಷೆ ನಡೆಸಿದರು. 12 ರಾಜ್ಯಗಳ 40 ಜಿಲ್ಲೆಗಳಲ್ಲಿ ಒಂಬತ್ತೂವರೆ ಸಾವಿರ ಹೆಂಗಸರನ್ನು ಮಾತನಾಡಿಸಿದರು. ಅವರಲ್ಲಿ ಐದರಲ್ಲೊಂದು ಪಾಲು ಹಿಂದೂ ಹೆಂಗಸರು. ಅದೇ ಪ್ರಶ್ನೆ, ಇವರಿಗೂ ಅವರಿಗೂ. ಹಾಗೆ ಕೇಳಿದಾಗ ತಿಳಿದದ್ದು, ಮುಸ್ಲಿಂ ಹೆಣ್ಣುಮಕ್ಕಳು ಹಿಂದೆ ಉಳಿದಿರುವುದಕ್ಕೆ ಧರ್ಮವೊಂದನ್ನೇ ಹಿಡಿದು ಹೇಳುವ ಹಾಗಿಲ್ಲ, ಬಡತನಕ್ಕೂ ಹುಟ್ಟಿದ ಸೀಮೆಗೂ ಅದರಲ್ಲಿ ದೊಡ್ಡ ಪಾಲಿದೆ ಎಂಬುದು. ಪ್ರಶ್ನೆಯನ್ನು ಒಂದೇ ಗಲ್ಲಿಯಲ್ಲಿ ಕೇಳಿದರೆ ಉತ್ತರಕ್ಕೂ ಆ ಗಲ್ಲಿಯ ಬಣ್ಣವೇ ಹತ್ತುತ್ತದೆ. ನಮ್ಮೂರಿಗೆ ಬಂದ ಹುಡುಗಿ ನನ್ನ ಅಕ್ಕನ ಬೀದಿಗೂ ಹೋಗಿದ್ದರೆ ಅವಳ ವರದಿ ಬೇರೆಯಾಗುತ್ತಿತ್ತೋ ಏನೋ.

ಹಾಗಾದರೆ ಕೇಳುವುದನ್ನೇ ಬಿಡಬೇಕೆ? ಕೆಲವರು ಹಾಗೆನ್ನುತ್ತಾರೆ. ಒಂದು ಕಾಲಕ್ಕೆ, ಆಕೆ ಬಂದುಹೋದ ಹೊಸದರಲ್ಲಿ, ನಾನೂ ಹಾಗೆಂದುಕೊಂಡಿದ್ದೆ. ಆದರೆ ನನ್ನ ಮೇಜಿನ ಖಾನೆಯಲ್ಲೇ ಅದಕ್ಕೆ ಉತ್ತರವಿತ್ತು. ಸಾಚಾರ್ ಸಮಿತಿ ಲೆಕ್ಕ ಹಾಕಿ ತೋರಿಸುವ ತನಕ ದೇಶದ ಮುಸ್ಲಿಮರ ವಿಷಯದಲ್ಲಿ ಜನ ತಮಗೆ ತೋಚಿದ್ದನ್ನು ಹೇಳುತ್ತಿದ್ದರು. ಅವರ ಮಕ್ಕಳೆಲ್ಲ ಮದರಸಾಕ್ಕೇ ಹೋಗುತ್ತಾರೆ ಎಂದು ನಾನೇ ನಂಬಿದ್ದೆ, ನನ್ನ ತರಗತಿಯಲ್ಲಿ ಹದಿನಾರು ಮುಸ್ಲಿಂ ಮಕ್ಕಳನ್ನು ಕೂರಿಸಿಕೊಂಡು! ಶಾಲೆಯ ವಯಸ್ಸಿನ ಮಕ್ಕಳಲ್ಲಿ ಮದರಸಾಗಳಲ್ಲಿ ಓದುವವರು ನೂರಕ್ಕೆ ಮೂರು ನಾಲ್ಕು ಜನ ಮಾತ್ರ ಎಂದು ವರದಿ ಹೇಳಿತು. 2001ರ ಜನಗಣತಿಯಂತೆ ಮುಸ್ಲಿಮರ ಸಾಕ್ಷರತೆ ಶೇಕಡಾ 59, ದೇಶದ ಸರಾಸರಿ ಶೇಕಡಾ 65 ಎಂದು ತೋರಿಸಿತು. ಒಂದು ಕಡೆ ದೇಶದ್ರೋಹಿಗಳೆಂಬ ಸಂಶಯ, ಇನ್ನೊಂದು ಕಡೆ ಸರ್ಕಾರ ಓಲೈಸುತ್ತದೆಂಬ ಆರೋಪ, ಎರಡನ್ನೂ ಒಟ್ಟಿಗೆ ಹೊತ್ತು ಬದುಕುವ ಜನರಿವರು ಎಂಬ ಮಾತೂ ಅದರಲ್ಲಿತ್ತು. ಅಂಥ ಲೆಕ್ಕವಿರದಿದ್ದರೆ ವಿದ್ಯಾರ್ಥಿವೇತನದ ಹಿಂದಿನ ವಾದಕ್ಕೆ ಬಲವೆಲ್ಲಿಂದ ಬರುತ್ತಿತ್ತು? ಆ ಯೋಜನೆಯಲ್ಲಿ ನೂರಕ್ಕೆ ಮೂವತ್ತು ಹೆಣ್ಣುಮಕ್ಕಳಿಗೆಂದೇ ಮೀಸಲಿತ್ತು. 2022ರಲ್ಲಿ ಒಂದರಿಂದ ಎಂಟನೆಯ ತರಗತಿಯವರಿಗೆ ಕೊಡುವುದನ್ನು ನಿಲ್ಲಿಸಿದಾಗ ಅದು ಎಷ್ಟು ಮನೆಗಳಿಗೆ ತಟ್ಟಿತು ಎಂಬುದನ್ನು ಹೇಳಲಿಕ್ಕೂ ಯಾರಾದರೂ ಹೋಗಿ ಕೇಳಲೇಬೇಕು. ಲೆಕ್ಕಕ್ಕೆ ಸಿಗದವರ ಕಷ್ಟ ಸರ್ಕಾರದ ಕಣ್ಣಿಗೂ ಬೀಳುವುದಿಲ್ಲ.

ಆದರೆ ಲೆಕ್ಕಕ್ಕೆ ಸಿಕ್ಕವರಿಗೂ ಭಯ ತಪ್ಪಿದ್ದಲ್ಲ. ಅಮೆರಿಕದಲ್ಲಿ 1942ರಲ್ಲಿ ಜಪಾನೀ ಮೂಲದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆ ಬಿಡಿಸಿ ಶಿಬಿರಗಳಿಗೆ ಸಾಗಿಸಿದರು. ಅವರು ಯಾವ ಯಾವ ಬೀದಿಗಳಲ್ಲಿದ್ದಾರೆ ಎಂದು ತಿಳಿಯಲು 1940ರ ಜನಗಣತಿಯ ಅಂಕಿಗಳು ನೆರವಾದವು. ಆ ಜನಗಣತಿಗೆ ಹೋದವರಲ್ಲೂ ನನ್ನಂಥವರಿದ್ದಿರಬಹುದು, ಕೊಟ್ಟ ಹಾಳೆ ತುಂಬಿಸಿ ಸಂಬಳ ಎಣಿಸಿಕೊಂಡವರು. 2000ದಲ್ಲಿ ಅಲ್ಲಿನ ಜನಗಣತಿ ಇಲಾಖೆಯ ಮುಖ್ಯಸ್ಥರು ಇದಕ್ಕೆ ಕ್ಷಮೆ ಕೇಳಿದರು. ಅಷ್ಟರಲ್ಲಿ ಸುಮಾರು ಅರವತ್ತು ವರ್ಷ ಕಳೆದಿತ್ತು.

ನಮ್ಮ ದೇಶದಲ್ಲಿ 1948ರ ಜನಗಣತಿ ಕಾಯ್ದೆ ಈ ವಿಷಯದಲ್ಲಿ ಗಟ್ಟಿಯಾಗಿದೆ. ಗಣತಿಯಲ್ಲಿ ಬರೆದುಕೊಂಡದ್ದನ್ನು ಯಾರೂ ತೆಗೆದು ನೋಡುವ ಹಾಗಿಲ್ಲ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ತರುವ ಹಾಗೂ ಇಲ್ಲ. ಇದನ್ನು ನಾನು 2011ರಲ್ಲಿ ಮನೆಮನೆಯಲ್ಲೂ ಹೇಳಿದ್ದೆ, ಜನ ತಲೆಯಾಡಿಸಿದ್ದರು. 2020ರ ಜನವರಿ ಫೆಬ್ರವರಿಯಲ್ಲಿ ಗಾಳಿ ಬದಲಾಗಿತ್ತು. ಪೌರತ್ವ ಕಾಯ್ದೆಯ ತಿದ್ದುಪಡಿ ಆಗಿತ್ತು, ಜನಸಂಖ್ಯಾ ನೋಂದಣಿಯ ಕೆಲಸ ಏಪ್ರಿಲ್‌ನಿಂದ ಶುರು ಎಂದಿದ್ದರು, ತಂದೆ ತಾಯಿ ಹುಟ್ಟಿದ ಊರು, ದಿನಾಂಕ ಕೇಳುತ್ತಾರಂತೆ ಎಂಬ ಸುದ್ದಿ ಹಬ್ಬಿತ್ತು. ಆಗ ನಾನು ಒಬ್ಬ ಹುಡುಗನ ಗೈರುಹಾಜರಿಗೆ ಕಾರಣ ಕೇಳಲು ಅವನ ಮನೆಗೆ ಹೋದರೆ ಅವನ ಅಜ್ಜಿ ಬಾಗಿಲ ಅಡ್ಡ ಕೈಯಿಟ್ಟು, "ಬರ್ಕೊಳ್ಳೋಕೆ ಬಂದ್ರಾ ಟೀಚರಮ್ಮ?" ಎಂದು ಕೇಳಿದರು. ಕೈಯಲ್ಲಿದ್ದದ್ದು ಹಾಜರಿ ಪುಸ್ತಕ. ಅದನ್ನು ಸೆರಗಿನಡಿ ಮುಚ್ಚಿಕೊಂಡೆ. ಕೊರೋನಾ ಬಂದು ಆ ನೋಂದಣಿ ನಿಂತಿತು. ಅಜ್ಜಿಯ ಕೈ ಮಾತ್ರ ನನಗೆ ಇವತ್ತಿಗೂ ಕಾಣುತ್ತದೆ.

ಮತ್ತೆ 2022ರ ಫೆಬ್ರವರಿ. ಶಾಲೆ ಕಾಲೇಜುಗಳ ಗೇಟಿನಲ್ಲಿ ಹುಡುಗಿಯರು, ಶಿಕ್ಷಕಿಯರೂ ಸಹ, ಬುರ್ಖಾ ತೆಗೆದು ಒಳಗೆ ಹೋಗುವುದನ್ನು ಟೀವಿಯ ಕ್ಯಾಮೆರಾಗಳು ಇಡೀ ದೇಶಕ್ಕೆ ತೋರಿಸಿದವು. ಆ ಮಕ್ಕಳನ್ನು ಅವತ್ತು ಒಪ್ಪಿಗೆ ಕೇಳಿದವರು ಯಾರು? ಅದಾದಮೇಲೆ ಆ ಮನೆಗಳಿಗೆ ಹೋಗಿ "ನಿಮ್ಮ ಮಗಳು ಈಗ ಓದುತ್ತಿದ್ದಾಳೆಯೇ?" ಎಂದು ಕೇಳುವ ಮುಖ ನನಗಂತೂ ಇರಲಿಲ್ಲ, ಕೇಳಬೇಕಾದ ಪ್ರಶ್ನೆಯೇ ಆಗಿದ್ದರೂ.

2025ರ ಸಮೀಕ್ಷೆಯ ಮಾತು ಸ್ವಲ್ಪ ಹೇಳಬೇಕು. ಹಿಂದುಳಿದ ವರ್ಗಗಳ ಆಯೋಗದ ಈ ಸಮೀಕ್ಷೆ ಸೆಪ್ಟೆಂಬರ್ 22ರಂದು ಶುರುವಾಯಿತು. ಅರವತ್ತು ಪ್ರಶ್ನೆಗಳು, ಎಲ್ಲವೂ ಮೊಬೈಲಿನಲ್ಲಿ. ನೆಟ್‌ವರ್ಕಿಗಾಗಿ ಮಾಳಿಗೆ ಹತ್ತಿ ಇಳಿದು ನನ್ನ ಮೊಣಕಾಲು ಹೋಯಿತು, ಅದು ಇರಲಿ. ಮನೆಗಳ ಬಾಗಿಲಿಗೆ ನಂಬರಿನ ಚೀಟಿ ಅಂಟಿಸಿದ್ದರು, ವಿದ್ಯುತ್ ಮೀಟರಿನ ಲೆಕ್ಕದಲ್ಲಿ. ಊರಿನ ಎಲ್ಲ ಬೀದಿಗಳಲ್ಲೂ ಅಂಟಿಸಿದ್ದರು. ನಮ್ಮ ಬೀದಿಯಲ್ಲಿ ಅದು ಬರೀ ಚೀಟಿ. ಆ ಗಲ್ಲಿಯಲ್ಲಿ ಒಬ್ಬರು ನನ್ನನ್ನು ನಿಲ್ಲಿಸಿ, "ಇದು ಎಲ್ಲರ ಮನೆಗೂ ಹಾಕಿದಾರಾ, ನಮ್ಮವರ ಮನೆಗೆ ಮಾತ್ರಾನಾ?" ಎಂದು ಮೆಲ್ಲಗೆ ಕೇಳಿದರು. ನನ್ನ ಮನೆಯ ಬಾಗಿಲಿನ ಫೋಟೋ ಮೊಬೈಲಿನಲ್ಲಿತ್ತು, ತೋರಿಸಿದೆ. ಆಮೇಲೆ ಪ್ರತಿ ಮನೆಯಲ್ಲೂ ಮೊದಲು ಅದನ್ನೇ ತೋರಿಸುತ್ತ ಹೋದೆ.

ಈ ಸಮೀಕ್ಷೆಯಲ್ಲಿ ಜಾತಿಯನ್ನೂ ಕೇಳಬೇಕಿತ್ತು, ಮುಸ್ಲಿಮರನ್ನೂ. ನಮ್ಮ ರಾಜ್ಯದ ಹಿಂದುಳಿದವರ ಪಟ್ಟಿಯಲ್ಲಿ ಪಿಂಜಾರ ಅಥವಾ ನದಾಫ್, ದರ್ವೇಶು, ಚಪ್ಪರಬಂದ್ ಮೊದಲಾದವರು ಪ್ರವರ್ಗ ಒಂದರಲ್ಲಿದ್ದಾರೆ, ಉಳಿದ ಬಹುಪಾಲು ಮುಸ್ಲಿಮರು 2ಬಿಯಲ್ಲಿ. ಯಾವುದನ್ನು ಬರೆಸುತ್ತೀರಿ ಎಂಬುದರ ಮೇಲೆ ಮಕ್ಕಳ ಓದು, ಕೆಲಸ ನಿಂತಿರುತ್ತದೆ. ಒಂದು ಮನೆಯಲ್ಲಿ ಯಜಮಾನರು "ನಮ್ಮಲ್ಲಿ ಜಾತಿ ಇಲ್ಲ, ಬರೀ ಮುಸ್ಲಿಂ ಅಂತ ಬರೀರಿ" ಎಂದರು. ನೀರು ತಂದ ಸೊಸೆ ಲೋಟ ಕೊಡುವಾಗ ನನ್ನ ಕಿವಿಯ ಹತ್ತಿರ, "ಪಿಂಜಾರ ಅಂತ ಸರ್ಟಿಫಿಕೇಟ್ ಇದೆ ಟೀಚರ್, ಮಗೂಗೆ ಬೇಕಾಗ್ತದೆ" ಎಂದಳು. ಯಾರ ಉತ್ತರ ಬರೆಯಲಿ? ಆ್ಯಪಿನಲ್ಲಿ ಒಂದೇ ಉತ್ತರಕ್ಕೆ ಜಾಗ. ಯಜಮಾನರು ಹೇಳಿದ್ದನ್ನು ಬಿಟ್ಟು ಬರೆದರೆ ಆ ಮನೆಯ ನಂಬಿಕೆಗೆ ಮೋಸ. ಅದನ್ನೇ ಬರೆದರೆ ಆ ಮಗುವಿಗೆ. ಸೊಸೆಯ ಮಾತನ್ನು ಎತ್ತಿ ಆಡಿದರೆ ನಾನು ಹೋದಮೇಲೆ ಅವಳ ಪಾಡೇನು? ಕೊನೆಗೆ ಯಾರೂ ಏನೂ ಹೇಳಿಲ್ಲವೆಂಬಂತೆ, "ಮನೆಯಲ್ಲಿ ಯಾರಿಗಾದರೂ ಜಾತಿ ಸರ್ಟಿಫಿಕೇಟ್ ಮಾಡಿಸಿದ್ದರೆ ಅದರಲ್ಲಿರುವ ಹಾಗೇ ಬರೆದರೆ ಮುಂದೆ ತೊಂದರೆ ಇರೋಲ್ಲ" ಎಂದೆ. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು "ತಗೊಂಬಾಮ್ಮ" ಎಂದರು. ನಾನು ಮಾಡಿದ್ದು ಸರಿಯೋ, ಅವರನ್ನು ಒಂದು ಕಡೆಗೆ ತಳ್ಳಿದೆನೋ, ತೀರ್ಮಾನಕ್ಕೆ ಬರಲಾರೆ.

ಸಮೀಕ್ಷೆ ಶುರುವಾದ ಮೂರು ದಿನಕ್ಕೆ ಹೈಕೋರ್ಟು ಮಧ್ಯಂತರ ಆದೇಶ ಕೊಟ್ಟಿತು. ಮಾಹಿತಿ ಕೊಡುವುದು ಜನರ ಇಷ್ಟಕ್ಕೆ ಬಿಟ್ಟದ್ದು, ಯಾರನ್ನೂ ಒತ್ತಾಯಿಸಬಾರದು, ಕೊಟ್ಟದ್ದನ್ನು ಗುಟ್ಟಾಗಿಡಬೇಕು ಎಂದು. ಒಳ್ಳೆಯ ಮಾತು. ಆದರೆ ಆ ಮಾತನ್ನು ಬಾಗಿಲಲ್ಲಿ ನಿಂತು ಹೇಳಬೇಕಾದವಳು ಮತ್ತೆ ನಾನೇ, ಅವರ ಮಗುವಿಗೆ ಅಂಕ ಹಾಕುವವಳು. ಈ ಸಲ ಒಂದು ಉಪಾಯ ಮಾಡಿದೆ. ನನ್ನ ತರಗತಿಯ ಮಕ್ಕಳ ಮನೆಗಳನ್ನು ಜೊತೆಯ ಇನ್ನೊಬ್ಬರಿಗೆ ಕೊಟ್ಟು ಅವರ ಪಾಲಿನ ಮನೆಗಳನ್ನು ನಾನು ತೆಗೆದುಕೊಂಡೆ. ಮೇಲಿನವರಿಗೆ ಇದು ಗೊತ್ತಾಗಿ, "ಏನ್ರೀ ಮೇಡಂ, ಗುರುತಿರೋರ ಮನೆ ಬಿಟ್ಟು ಗುರುತಿಲ್ಲದೋರ ಮನೆಗೆ ಯಾಕೆ ಹೋಗ್ತೀರಿ?" ಎಂದರು. ಗುರುತಿದೆ, ಅದಕ್ಕೇ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅಷ್ಟು ಹೊತ್ತಿಗೆ ನಾನು ಹೋದ ಮನೆಗಳಲ್ಲಿ ಇಬ್ಬರು "ನಾವು ಕೊಡೋಲ್ಲ" ಎಂದಿದ್ದರು. ನನಗೆ ಅದರಿಂದ ಒಂದು ಬಗೆಯ ಸಮಾಧಾನವೇ ಆಯಿತು ಎಂದರೆ ನೀವು ನಗಬಹುದು.

ಹೊರಗಿನವರು ಬರೆಯುವುದೇ ತಪ್ಪು, ಒಳಗಿನವರೇ ಬರೆಯಲಿ ಎಂಬ ವಾದವೂ ಇದೆ. 1980ರ ದಶಕದಲ್ಲಿ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಓದಿ ನಮ್ಮಲ್ಲಿ ಎಷ್ಟು ಜನ ಅತ್ತಿಲ್ಲ! ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದವು. ಅದೇ ಬಾನು ಅವರಿಗೆ, ಹೆಂಗಸರೂ ಮಸೀದಿಗೆ ಹೋಗಬಹುದು ಎಂದದ್ದಕ್ಕೆ, 2000ದ ಹೊತ್ತಿನಲ್ಲಿ ಬಹಿಷ್ಕಾರ ಹಾಕಿದ್ದರು. ಇವರು ಒಳಗಿನ ಮಾತನ್ನು ಬರೆದೂ ಅಲ್ಲೇ ಬದುಕಿದವರು. ಬರೆದದ್ದರ ಬೆಲೆಯನ್ನು ತಾವೇ ತೆತ್ತವರು. ನಮ್ಮೂರಿಗೆ ಬಂದ ಹುಡುಗಿ ಸಂಜೆಯ ಬಸ್ಸಿಗೆ ಹೊರಟುಹೋದಳು, ಅವಳ ಬರಹದ ಬೆಲೆ ತೆತ್ತವರು ಆಕೆ. ಒಳಗೆ ಹೊರಗೆ ಎನ್ನುವುದಕ್ಕಿಂತ ಈ ವ್ಯತ್ಯಾಸ ನನಗೆ ದೊಡ್ಡದಾಗಿ ಕಾಣುತ್ತದೆ. ಹೊರಗಿನವರು ಬರೆಯಬಾರದು ಎನ್ನಲಾರೆ. ಹಾಗೆಂದರೆ ನಾನು ಈ ಬರಹವನ್ನೇ ಬರೆಯುವ ಹಾಗಿಲ್ಲ.

ಬರೆಯುವ ಮೊದಲು ಆಕೆಯ ಮನೆಗೆ ಹೋದೆ. ಈ ಕೆಲಸವನ್ನು ನಾನು ಎಂದೋ ಮಾಡಬೇಕಿತ್ತು. ಈಗ ಬೇರೆ ಗಲ್ಲಿಯಲ್ಲಿದ್ದಾರೆ, ಬೀಡಿ ಬಿಟ್ಟು ಎಷ್ಟೋ ವರ್ಷವಾಯಿತು, ಮಗ ಗ್ಯಾರೇಜಿನಲ್ಲಿ ದುಡಿಯುತ್ತಾನೆ. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ನನ್ನ ವಿಷಯ ಬರೀರಿ. ಅವಳ ವಿಷಯ ಬೇಡ. ಅವಳ ಮಗಳು ಈಗ ಓದೋಕೆ ಬರ್ತಾಳೆ" ಎಂದರು. ಇನ್ನೊಂದು ಮಾತು ಸೇರಿಸಿದರು: "ಬರೆದಮೇಲೆ ಓದಿ ಹೇಳಿ, ಆಮೇಲೆ ಹಾಕಿ."

ಬರೆದು ತೆಗೆದುಕೊಂಡು ಹೋದೆ. ಇಡೀ ಮಧ್ಯಾಹ್ನ ಓದಿದೆ. ಶ್ರೀನಿವಾಸರು, ಅಮೆರಿಕ ಎಂಬುದೆಲ್ಲ ಬಂದಾಗ ಆಕೆ ಅಕ್ಕಿ ಆರಿಸುತ್ತಿದ್ದರು. ತಮ್ಮ ಭಾಗ ಬಂದಾಗ ಮೊರ ಪಕ್ಕಕ್ಕಿಟ್ಟರು. ಅಣ್ಣನ ಬಗ್ಗೆ ನಾನು ಬರೆದಿದ್ದ ಎರಡು ವಾಕ್ಯ ತೆಗೆಸಿದರು. "ಈಗ ಅವನಿಗೂ ವಯಸ್ಸಾಗಿದೆ, ಬೇಡ" ಎಂದರು. ಕಂಟ್ರಾಕ್ಟರನ ಮಾತು ಇರಲಿ ಎಂದರು. ಶಾಲೆಯ ಜಗುಲಿಯ ಸಂಗತಿ ಓದುವಾಗ ತಡೆದರು. ಕಂಬದ ಹತ್ತಿರ ನಿಂತು ಆಕೆ ಅತ್ತರು ಎಂದು ಬರೆದಿದ್ದೆ. ಇಷ್ಟು ವರ್ಷ ನಾನು ಅದನ್ನು ಹಾಗೆಯೇ ನೆನಪಿಟ್ಟುಕೊಂಡಿದ್ದೆ.

"ನಾನೆಲ್ಲಿ ಅತ್ತೆ ಟೀಚರಮ್ಮ?" ಎಂದರು. "ಕಣ್ಣಲ್ಲಿ ನೀರು ಹಾಕ್ಕೊಂಡೋರು ನೀವು. ನಾನು ಎಲೆ ಕೊಡಿಸ್ತೀರಾ ಅಂತ ಕೇಳೋಕೆ ಬಂದಿದ್ದೆ. ನೀವು ಅಳೋದು ನೋಡಿ ಕೇಳದೇ ಹೋದೆ."

ಆ ವಾಕ್ಯವನ್ನು ಅಲ್ಲೇ ಹೊಡೆದುಹಾಕಿದೆ. ಆಕೆ ಮತ್ತೆ ಮೊರ ತೊಡೆಯ ಮೇಲಿಟ್ಟುಕೊಂಡು, "ಮುಂದೆ ಓದಿ" ಎಂದರು.